ಇಪ್ಪತ್ನಾಲ್ಕರಲ್ಲಿ ಒಂದು ಪಾಲು

ಮಗೂ,

ಮಾದರಿ ಕಾರಿನ ಕಿಟ್ ಕಟ್ಟಲು ಅಂಟು ಯಾವುದು ತರಲಿ, ಬಣ್ಣ ಯಾವ ಕಂಪನಿಯದು ತರಲಿ ಎಂದು ಕೇಳಿದ್ದೀಯ. ಹೇಳುತ್ತೇನೆ. ಅದಕ್ಕೆ ಮೊದಲು ಬೀದಿಗೆ ಹೋಗಿ ಒಂದು ಕಾರನ್ನು ನೋಡಿಕೊಂಡು ಬಾ. ಯಾವ ಕಾರಾದರೂ ಸರಿ. ಅದರ ಪಕ್ಕದಲ್ಲಿ ಮಂಡಿಯೂರಿ ಕೂತು ನೋಡು. ಬಾನೆಟ್ಟಿಗೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಸಂದು ಬಿಟ್ಟಿದ್ದಾರೆ? ಬಾಗಿಲಿನ ಸಂದೂ ಅಷ್ಟೇ ಇದೆಯೋ, ಬೇರೆಯೋ? ಟೈರು ನಿಜಕ್ಕೂ ಕಪ್ಪಗಿದೆಯೋ, ಬೂದು ಬಣ್ಣಕ್ಕಿದೆಯೋ? ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಎಷ್ಟು ಅಗಲ, ಅದಕ್ಕೆ ಹೊಳಪಿದೆಯೋ ಇಲ್ಲವೋ? ಧೂಳು ಎಲ್ಲಿ ಕೂತಿದೆ, ಎಲ್ಲಿ ಕೂತಿಲ್ಲ? ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊ. ನಾನು ಜೀವಮಾನವಿಡೀ ಗ್ಯಾರೇಜಿನಲ್ಲಿ ಟಿಂಕರಿಂಗ್, ಪೇಂಟಿಂಗ್ ಮಾಡಿದವನು. ಸಂಜೆ ಮನೆಗೆ ಬಂದು ಅದೇ ಕಾರುಗಳನ್ನು ಅಂಗೈ ಅಗಲದಲ್ಲಿ ಕಟ್ಟಿದವನು. ಎರಡೂ ಕಡೆ ನನಗೆ ದಕ್ಕಿದ್ದು ಇದೇ: ಕಾರನ್ನು ಸರಿಯಾಗಿ ನೋಡಿದವರ ಕೈಯಲ್ಲಿ ಸಾಧಾರಣ ಕಿಟ್ಟೂ ಕಾರಾಗುತ್ತದೆ, ನೋಡದವರ ಕೈಗೆ ಎಷ್ಟು ದುಬಾರಿ ಕಿಟ್ ಕೊಟ್ಟರೂ ಅದು ಆಟಿಕೆಯಾಗಿಯೇ ಉಳಿಯುತ್ತದೆ.

ನಿನ್ನ ಪೆಟ್ಟಿಗೆಯ ಮೇಲೆ 1/24 ಎಂದು ಬರೆದಿದೆಯಲ್ಲ, ಅದನ್ನು ಪೂರ್ತಿಯಾಗಿ ಮನಸ್ಸಿಗೆ ತಂದುಕೊ. ಉದ್ದ, ಅಗಲ, ಎತ್ತರ ಮಾತ್ರ 24ರಲ್ಲಿ ಒಂದು ಪಾಲಾದರೆ ಸಾಲದು; ಕಾರಿನಲ್ಲಿರುವ ಪ್ರತಿಯೊಂದೂ ಹಾಗೇ ಇಳಿಯಬೇಕು. ಅಂಬಾಸಿಡರ್ 4325 ಮಿ.ಮೀ. ಉದ್ದದ ಕಾರು, ಮಾದರಿಯಲ್ಲಿ ಸುಮಾರು 180 ಮಿ.ಮೀ. ಇಷ್ಟು ಲೆಕ್ಕ ಎಲ್ಲರೂ ಮಾಡುತ್ತಾರೆ. ಇನ್ನು ಸಣ್ಣ ವಸ್ತುಗಳನ್ನು ಭಾಗಿಸಿ ನೋಡು. ಬಾಗಿಲಿನ ಸಂದು 4-5 ಮಿ.ಮೀ. ಇದ್ದರೆ ಮಾದರಿಯಲ್ಲಿ 0.2 ಮಿ.ಮೀ. ಸೀಟ್ ಬೆಲ್ಟಿನ ಪಟ್ಟಿ 2 ಮಿ.ಮೀ. ಅಗಲ. 7 ಮಿ.ಮೀ. ದಪ್ಪದ ಸ್ಪಾರ್ಕ್ ಪ್ಲಗ್ ವೈರು 0.3 ಮಿ.ಮೀ. ಕಿಟ್ಟಿನಲ್ಲಿ ಕೊಟ್ಟಿರುವ ಮುಂದಿನ ಗಾಜು 1 ಮಿ.ಮೀ. ದಪ್ಪವಿದ್ದರೆ, ನಿಜವಾದ ಕಾರಿನಲ್ಲಿ ಅದು 24 ಮಿ.ಮೀ. ದಪ್ಪದ ಗಾಜಾಯಿತು. ಅದಕ್ಕೇ ಗಾಜಿನ ಅಂಚು ಹೊರಗೆ ಕಾಣದ ಹಾಗೆ ಕೂರಿಸಬೇಕು, ಕಾಣುವುದಾದರೆ ಆ ಅಂಚಿಗೆ ಕಪ್ಪು ಬಳಿಯಬೇಕು. ಇಂಥ ಲೆಕ್ಕ ಒಮ್ಮೆ ತಲೆಗೆ ಹತ್ತಿದರೆ ಯಾವುದು ದಪ್ಪವಾಯಿತು, ಯಾವುದು ಒರಟಾಯಿತು ಎಂಬುದು ಯಾರೂ ಹೇಳದೆಯೇ ನಿನಗೆ ಗೊತ್ತಾಗುತ್ತದೆ.

ಬಣ್ಣದ ವಿಷಯದಲ್ಲಿ ಈ ಲೆಕ್ಕ ಬಹಳ ಮುಖ್ಯ. ಕಂಪನಿಯಿಂದ ಬರುವ ಕಾರಿನ ಮೇಲೆ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿ ಸುಮಾರು 100-120 ಮೈಕ್ರಾನ್ ದಪ್ಪದ ಪದರ ಇರುತ್ತದೆ. 24ರಿಂದ ಭಾಗಿಸಿದರೆ 5 ಮೈಕ್ರಾನ್. ಅಷ್ಟು ತೆಳುವಾಗಿ ಬಣ್ಣ ಹೊಡೆಯಲು ನಿನ್ನಿಂದಲೂ ಆಗದು, ನನ್ನಿಂದಲೂ ಆಗದು. ನಾವು ಹೊಡೆಯುವ ಪದರ ಯಾವಾಗಲೂ ಅದರ ಎಷ್ಟೋ ಪಟ್ಟು ದಪ್ಪ. ಆ ಹೆಚ್ಚಿನ ದಪ್ಪ ಮೊದಲು ಹೋಗಿ ತುಂಬಿಕೊಳ್ಳುವುದು ಬಾಗಿಲಿನ ಸಂದಿನಲ್ಲಿ, ಬಾನೆಟ್ಟಿನ ಗೆರೆಯಲ್ಲಿ, ಡಿಕ್ಕಿಯ ಮೇಲಿನ ಕಂಪನಿ ಹೆಸರಿನ ಅಕ್ಷರಗಳಲ್ಲಿ. ಬಣ್ಣ ಒಣಗಿದ ಮೇಲೆ ನೋಡಿದರೆ ಬಾಗಿಲು ತೆರೆಯುವಂಥದ್ದು ಎಂದೇ ಅನ್ನಿಸುವುದಿಲ್ಲ. ಆದ್ದರಿಂದ ಬಣ್ಣಕ್ಕೆ ಮುಂಚೆಯೇ ಎಲ್ಲ ಸಂದುಗಳನ್ನೂ ಬ್ಲೇಡಿನ ಬೆನ್ನಿನಿಂದ ಹಗುರವಾಗಿ ಮತ್ತೆ ಮತ್ತೆ ಎಳೆದು ಆಳ ಮಾಡಿಕೊ. ಒಂದೇ ಸಲಕ್ಕೆ ಒತ್ತಿ ಎಳೆದರೆ ಬ್ಲೇಡು ಜಾರಿ ಬಾಗಿಲಿನ ಮೇಲೆ ಗೀರು ಬೀಳುತ್ತದೆ. ಅವಸರ ಪಡದೆ ಗೆರೆಯ ಜಾಡಿನಲ್ಲೇ ಹೋಗು. ಈ ಕೆಲಸಕ್ಕೆ ಒಂದಿಡೀ ಸಂಜೆ ಹೋಗಲಿ, ಮಾದರಿಗೆ ಜೀವ ಬರುವುದೇ ಇಲ್ಲಿ.

ಬಣ್ಣದ ಛಾಯೆಗೂ ಅಳತೆ ಇದೆ. ದೂರದಲ್ಲಿರುವ ಕಾರು ಹತ್ತಿರದ ಕಾರಿಗಿಂತ ಸ್ವಲ್ಪ ಮಂಕಾಗಿ ಕಾಣುತ್ತದಲ್ಲವೇ? ಸಣ್ಣ ಮಾದರಿಯನ್ನು ನಮ್ಮ ಕಣ್ಣು ದೂರದ ಕಾರಿನಂತೆಯೇ ಓದುತ್ತದೆ. ಅದಕ್ಕೇ ಅಚ್ಚ ಬಿಳಿ ಅಂಬಾಸಿಡರಿಗೆ ಅಚ್ಚ ಬಿಳಿ ಬಳಿದರೆ ಕಣ್ಣಿಗೆ ಚುಚ್ಚುತ್ತದೆ. ಒಂದು ಹನಿ ಕೆನೆಬಣ್ಣ ಸೇರಿಸಿದರೆ ಸರಿಹೋಗುತ್ತದೆ. ಟೈರಿಗೆ ಕಪ್ಪು ಬೇಡ, ಗಾಢ ಬೂದು ಇರಲಿ. ಮೆಟಾಲಿಕ್ ಬಣ್ಣದಲ್ಲಿ ಹೊಳೆಯುವ ಕಣಗಳಿರುತ್ತವೆ. ನಿಜವಾದ ಕಾರಿನ ಬಣ್ಣವನ್ನೇ ತಂದು ಮಾದರಿಗೆ ಹೊಡೆದರೆ ಆ ಕಣಗಳು ಕಡಲೆಕಾಳಿನಷ್ಟು ದೊಡ್ಡದಾಗಿ ಕಾಣುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಕಾರಿನ ಬಣ್ಣಕ್ಕೆ ಸರಿಹೊಂದುವ ಬಣ್ಣವನ್ನು ಬೆರೆಸಿಕೊಡುತ್ತಾರೆ. ಸಾದಾ ಬಣ್ಣವಾದರೆ ಧಾರಾಳವಾಗಿ ತಾ. ಆದರೆ ಆ ಬಣ್ಣದ ಥಿನ್ನರ್ ಕಿಟ್ಟಿನ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಮೊದಲು ಮಾಡೆಲಿಗೆಂದೇ ಮಾಡಿದ ಪ್ರೈಮರ್ ಹೊಡೆದು, ಅದು ಗಟ್ಟಿಯಾದ ಮೇಲೆ, ಇಬ್ಬನಿ ಕೂತ ಹಾಗೆ ತೆಳುವಾಗಿ ಶುರುಮಾಡಬೇಕು. ಎನಾಮೆಲ್ ಬಣ್ಣದ ಮೇಲೆ ಲ್ಯಾಕರ್ ಹೊಡೆಯಬೇಡ, ಕೆಳಗಿನ ಪದರ ಸುಕ್ಕುಗಟ್ಟುತ್ತದೆ. ಲ್ಯಾಕರ್ ಮೇಲೆ ಎನಾಮೆಲ್ ಆದರೆ ತೊಂದರೆಯಿಲ್ಲ.

ಪೇಂಟಿಂಗ್ ಬಗ್ಗೆ ಇನ್ನೂ ಸ್ವಲ್ಪ ಹೇಳಲೇಬೇಕು, ಅದು ನನ್ನ ಕಸುಬು. ಹೊಳಪು ಕೊನೆಯ ಪಾಲಿಶಿನಲ್ಲಿ ಬರುತ್ತದೆ ಎಂದು ಹೊಸಬರು ತಿಳಿದಿರುತ್ತಾರೆ. ಹೊಳಪು ಹುಟ್ಟುವುದು ಪ್ರೈಮರಿನ ಕೆಳಗೆ. ಬಾಡಿಯನ್ನು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆ, ಏಕೆಂದರೆ ಅಚ್ಚಿನಿಂದ ಬಿಡಿಸಲು ಬಳಸಿದ ಎಣ್ಣೆಯ ಅಂಶ ಅದರ ಮೇಲೆ ಉಳಿದಿರಬಹುದು. ಒಣಗಿದ ಮೇಲೆ ಬಾಡಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡು. ಅಚ್ಚಿನ ಎರಡು ಭಾಗ ಕೂಡಿದ ಕಡೆ, ಮಡ್‌ಗಾರ್ಡಿನ ಮೇಲಿನಿಂದ ಛಾವಣಿಯ ಅಂಚಿನವರೆಗೆ, ಕೂದಲೆಳೆಯಷ್ಟು ಏಣು ಕಾಣುತ್ತದೆ. ಅದನ್ನು ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ ತೆಗೆ. 600 ನಂಬರಿನಲ್ಲಿ ಶುರುಮಾಡಿ 1000ಕ್ಕೆ ಬಾ. ಬೆರಳ ತುದಿ ಸವರಿದಾಗ ಏನೂ ತಗಲಬಾರದು. ಪ್ರೈಮರ್ ಹೊಡೆದಾಗ ಕಣ್ಣಿಗೆ ಬೀಳದ ಗೀರುಗಳೆಲ್ಲ ಎದ್ದು ಕಾಣುತ್ತವೆ. ಬೇಸರಪಡಬೇಡ, ಪ್ರೈಮರ್ ಇರುವುದೇ ಅದನ್ನು ತೋರಿಸಲು. ಮತ್ತೆ ಉಜ್ಜಿ, ಮತ್ತೆ ಪ್ರೈಮರ್ ಹೊಡೆ. ಆಮೇಲೆ ಬಣ್ಣ: ಮೊದಲ ಎರಡು ಕೋಟು ತೆಳು, ಕೆಳಗಿನ ಪ್ರೈಮರ್ ಇನ್ನೂ ಕಾಣುತ್ತಿರಲಿ. ಮೂರನೆಯದು ತುಸು ತೇವವಾಗಿ ಕೂರಬೇಕು. ಸ್ಪ್ರೇ ಕ್ಯಾನಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟು ತೆಗೆದರೆ ಬಣ್ಣ ಸಣ್ಣಗೆ ಹೊರಡುತ್ತದೆ. ಕುದಿಯುವ ನೀರಿನಲ್ಲಿ ಇಡಬೇಡ, ಒಲೆಯ ಹತ್ತಿರ ಸುಳಿಯಲೇಬೇಡ. ಮಳೆಗಾಲದಲ್ಲಿ ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ಲ್ಯಾಕರ್ ಹೊಡೆದರೆ ಮೇಲೆ ಬಿಳಿ ಮಬ್ಬು ಕವಿಯುತ್ತದೆ. ನಿನ್ನ ಕಾಲೇಜು ಮಂಗಳೂರಿನಲ್ಲಿ, ಅಲ್ಲಿ ಜೂನ್ ತಿಂಗಳಲ್ಲಿ ಬಣ್ಣ ಹೊಡೆಯುವ ಆಸೆ ಬಿಡು. ಆ ದಿನಗಳನ್ನು ಎಂಜಿನ್, ಸೀಟು, ಡ್ಯಾಶ್‌ಬೋರ್ಡಿನ ಸಣ್ಣ ಕೆಲಸಕ್ಕೆ ಇಟ್ಟುಕೊ. ಬಣ್ಣದ ವಾಸನೆ ಪೂರ್ತಿ ಹೋಗುವವರೆಗೆ ಬಾಡಿಯನ್ನು ಮುಟ್ಟಬೇಡ. ಮೂಗಿನ ಹತ್ತಿರ ಹಿಡಿದಾಗ ವಾಸನೆ ಬರುತ್ತಿದ್ದರೆ ಒಳಗೆ ಇನ್ನೂ ಹಸಿಯಿದೆ ಎಂದೇ ಅರ್ಥ. ಆಗ ಹಿಡಿದರೆ ಬೆರಳಿನ ಗುರುತು ಕೂತುಬಿಡುತ್ತದೆ. ಬಣ್ಣ, ಥಿನ್ನರ್ ಎರಡೂ ಶ್ವಾಸಕೋಶಕ್ಕೆ ಕೆಟ್ಟವು. ಕಿಟಕಿ ತೆರೆದಿರಲಿ, ಆವಿ ತಡೆಯುವ ಮಾಸ್ಕ್ ಹಾಕಿಕೊ. ಬಟ್ಟೆಯ ಮಾಸ್ಕಿನಿಂದ ಪ್ರಯೋಜನವಿಲ್ಲ. ನಮ್ಮ ಕಾಲದ ಪೇಂಟರುಗಳು ಬಾಯಿಗೆ ಕರವಸ್ತ್ರ ಕಟ್ಟಿಕೊಂಡೇ ಕೆಲಸ ಮಾಡಿದರು. ಅವರ ಕೆಮ್ಮನ್ನು ನಾನು ಕೇಳಿದ್ದೇನೆ. ಈ ವಿಷಯದಲ್ಲಿ ನನ್ನ ಮಾತು ಮೀರಬೇಡ.

ಅಂಟಿನ ಮಾತು ಚಿಕ್ಕದು. ಪ್ಲಾಸ್ಟಿಕ್ ಕಿಟ್ಟಿಗೆ ನೀರಿನಂತೆ ತೆಳುವಾದ ಸಿಮೆಂಟ್ ಬೇಕು. ಅದು ಪ್ಲಾಸ್ಟಿಕ್ಕನ್ನು ಕೊಂಚ ಕರಗಿಸಿ ಎರಡು ಭಾಗಗಳನ್ನು ಒಂದು ಮಾಡುತ್ತದೆ. ಭಾಗಗಳನ್ನು ಜೋಡಿಸಿ ಹಿಡಿದು ಸಂದಿಗೆ ಕುಂಚದ ತುದಿ ಮುಟ್ಟಿಸಿದರೆ ತಾನೇ ಒಳಗೆ ಹರಿಯುತ್ತದೆ. ಗಾಜಿಗೆ ಮಾತ್ರ ಅದನ್ನೂ ಬಳಸಬೇಡ, ಫೆವಿಕ್ವಿಕ್ಕನ್ನೂ ಬಳಸಬೇಡ. ಗಾಜಿನ ಮೇಲೆ ಬಿಳಿ ಹೊಗೆ ಹಿಡಿದಂತಾಗುತ್ತದೆ. ಗಾಜಿಗೆ ಸಾದಾ ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣುವುದೂ ಇಲ್ಲ. ಬ್ಲೇಡಿಗೆ ದೂರದ ದೇಶದಿಂದ ತರಿಸುವ ಚಾಕು ಬೇಕಿಲ್ಲ. ಮೆಡಿಕಲ್ ಸ್ಟೋರಿನಲ್ಲಿ 3ನೇ ನಂಬರ್ ಹಿಡಿ, 11ನೇ ನಂಬರ್ ಸರ್ಜಿಕಲ್ ಬ್ಲೇಡ್ ಕೇಳು. ಕಿಟ್ಟಿನ ಭಾಗಗಳನ್ನು ಅವು ಅಂಟಿಕೊಂಡು ಬರುವ ಫ್ರೇಮಿನಿಂದ ಎಂದೂ ಕೈಯಿಂದ ಮುರಿಯಬೇಡ. ಕಟರಿನಲ್ಲಿ ಮೊದಲು ದೂರಕ್ಕೆ ಕತ್ತರಿಸಿ, ಆಮೇಲೆ ಉಳಿದ ತುಣುಕನ್ನು ಬ್ಲೇಡಿನಲ್ಲಿ ಸವರಬೇಕು.

ಕಣ್ಣಿನ ಕೆಲಸ ಮೊದಲು ಎಂದೆನಲ್ಲ, ಅದಕ್ಕೆ ದೊಡ್ಡವರ ಉದಾಹರಣೆಯೊಂದಿದೆ. ಜಪಾನಿನ ಶಿಜುಓಕಾ ಊರಿನ ತಮಿಯಾ ಕಂಪನಿ 1946ರಲ್ಲಿ ಮರದ ವ್ಯಾಪಾರವಾಗಿ ಶುರುವಾದದ್ದು. ಮರದ ಮಾದರಿಗಳಿಂದ ಪ್ಲಾಸ್ಟಿಕ್ಕಿಗೆ ಬಂದು ಇಂದು ಈ ಕಸುಬಿನಲ್ಲಿ ಎಲ್ಲರೂ ಗೌರವಿಸುವ ಹೆಸರಾಗಿದೆ. 1976ರಲ್ಲಿ ಪೋರ್ಶೆ 934 ಕಾರಿನ 1/12 ಕಿಟ್ ಹೊರತಂದರು. ಅದಕ್ಕಾಗಿ ಕಂಪನಿಯ ಶುನ್ಸಾಕು ತಮಿಯಾ ಒಂದು ನಿಜವಾದ ಪೋರ್ಶೆ 911 ಕಾರನ್ನೇ ಕೊಂಡು, ಬಿಚ್ಚಿ ಹಾಕಿಸಿ, ಭಾಗಗಳನ್ನು ಅಭ್ಯಾಸ ಮಾಡಿದರು. ಆಟದ ಸಾಮಾನಿನಂತೆ ಕಾಣುವ ಒಂದು ಪೆಟ್ಟಿಗೆಗಾಗಿ ಇಡೀ ಕಾರನ್ನು ಬಿಚ್ಚಿದ ಆ ಮನುಷ್ಯನ ಮೇಲೆ ನನಗೆ ಅಪಾರ ಗೌರವ. ನೀನು ಕಾರು ಕೊಳ್ಳಬೇಕಿಲ್ಲ. ಪರಿಚಯದ ಮೆಕ್ಯಾನಿಕ್ ಒಬ್ಬರ ಶೆಡ್ಡಿನಲ್ಲಿ ಒಂದು ಮಧ್ಯಾಹ್ನ ಕೂತರೆ ಸಾಕು. ಶ್ರೀರಂಗಪಟ್ಟಣದ ಹತ್ತಿರದ 'ಪಯಣ' ವಸ್ತುಸಂಗ್ರಹಾಲಯಕ್ಕೆ ಹೋಗಿ ಹಳೆಯ ಕಾರುಗಳ ಗ್ರಿಲ್ಲು, ಬಂಪರು, ಚಕ್ರಗಳನ್ನು ನೋಡು. ಧರ್ಮಸ್ಥಳಕ್ಕೆ ಹೋದಾಗ ಅಲ್ಲಿನ ಕಾರುಗಳ ಸಂಗ್ರಹವನ್ನೂ ಬಿಡಬೇಡ. ಫೋಟೋ ತೆಗೆಯುವಾಗ ಮುಂದಿನ ಮೂತಿಯೊಂದನ್ನೇ ತೆಗೆದು ಬರಬೇಡ. ಬಾಗಿಲ ಹಿಡಿಯ ಕೆಳಗೆ, ಚಕ್ರದ ಒಳಗೆ, ಬಂಪರಿನ ಹಿಂದೆ ತೆಗೆ.

ಅಳತೆಗಳು ಹಲವು. ಜಪಾನ್, ಯೂರೋಪಿನವರದು ಹೆಚ್ಚಾಗಿ 1/24, ಅಮೆರಿಕದ ಹಳೆಯ ಕಂಪನಿಗಳದು 1/25. 1/43 ಬಂದದ್ದು ಆಟಿಕೆ ರೈಲಿನ 'ಓ' ಗೇಜಿನಿಂದ. ಬೀರುವಿನಲ್ಲಿ ಒಂದೇ ಅಳತೆಯ ಕಾರುಗಳು ಅಕ್ಕಪಕ್ಕ ನಿಂತರೆ ಮಾತ್ರ ಯಾವುದು ನಿಜಕ್ಕೂ ದೊಡ್ಡದು, ಯಾವುದು ಚಿಕ್ಕದು ಎಂದು ತಿಳಿಯುತ್ತದೆ. ಅಂಬಾಸಿಡರಿನ ಪಕ್ಕ ಮಾರುತಿ 800 ಇಟ್ಟರೆ, 180 ಮಿ.ಮೀ. ಪಕ್ಕದಲ್ಲಿ 139 ಮಿ.ಮೀ.; 1980ರ ದಶಕದಲ್ಲಿ ನಮ್ಮ ರಸ್ತೆಗಳಲ್ಲಿ ಆದ ಬದಲಾವಣೆಯೆಲ್ಲ ಒಂದೇ ನೋಟದಲ್ಲಿ ಸಿಗುತ್ತದೆ. ಆದ್ದರಿಂದ ಒಂದು ಅಳತೆ ಹಿಡಿ, ಅದನ್ನೇ ನೆಚ್ಚಿಕೊ.

ಎಂಜಿನ್ನಿಗೆ ವೈರು ಹಾಕುವ ಹುಚ್ಚು ನಿನಗೂ ಹಿಡಿಯುತ್ತದೆ, ಹಿಡಿಯಲಿ. ಸುಟ್ಟುಹೋದ ಸಣ್ಣ ಮೋಟಾರಿನ ವೈಂಡಿಂಗ್ ತಂತಿ ಅದಕ್ಕೆ ಹೇಳಿ ಮಾಡಿಸಿದ್ದು, ದಪ್ಪ ನೋಡಿ ಆರಿಸಿಕೊ. ಸುಮ್ಮನೆ ನಾಲ್ಕು ತಂತಿ ಸಿಕ್ಕಿಸಿಬಿಡಬೇಡ. ಡಿಸ್ಟ್ರಿಬ್ಯೂಟರಿನಿಂದ ಯಾವ ತಂತಿ ಯಾವ ಸಿಲಿಂಡರಿಗೆ ಹೋಗುತ್ತದೆ ಎಂಬುದಕ್ಕೆ ಕ್ರಮವಿದೆ. ಅಂಬಾಸಿಡರಿನ ಹಳೆಯ ಪೆಟ್ರೋಲ್ ಎಂಜಿನ್ನಿನ ಫೈರಿಂಗ್ ಆರ್ಡರ್ 1-3-4-2. ಡಿಸ್ಟ್ರಿಬ್ಯೂಟರ್ ಕ್ಯಾಪಿನ ಸುತ್ತ ಅದೇ ಸರದಿಯಲ್ಲಿ ತಂತಿ ಹೊರಡಬೇಕು. ಬಾನೆಟ್ ಎತ್ತಿ ನೋಡುವವರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಇದು ತಿಳಿಯುವುದಿಲ್ಲ. ತಿಳಿದ ಮೆಕ್ಯಾನಿಕ್ ಒಬ್ಬರು ಬಗ್ಗಿ ನೋಡಿ ತಲೆಯಾಡಿಸಿದರೆ ಆ ಸಂತೋಷ ಬೇರೆಯೇ. ಕ್ರೋಮ್ ಹಾಕಿದ ಬಂಪರು, ಗ್ರಿಲ್ಲು ಕಿಟ್ಟಿನಲ್ಲಿ ಕನ್ನಡಿಯಂತೆ ಹೊಳೆಯುತ್ತವೆ. ಗ್ರಿಲ್ಲಿನ ಸಂದುಗಳಿಗೆ ನೀರಾದ ಕಪ್ಪು ಬಣ್ಣ ಹರಿಸಿ ಮೇಲ್ಮೈ ಒರೆಸಿದರೆ ಆಳ ಬರುತ್ತದೆ. ಕಿಟಕಿಯ ಸುತ್ತಲಿನ ಬೆಳ್ಳಿ ಪಟ್ಟಿಗೆ ಬಣ್ಣಕ್ಕಿಂತ ತೆಳುವಾದ ಲೋಹದ ಫಾಯಿಲ್ ಚೆನ್ನ. ಇನ್ನು ಧೂಳು, ಕೆಸರು, ತುಕ್ಕು: ಬಹಳ ಜನ ಇಲ್ಲಿ ಕೈ ಬಿಗಿಹಿಡಿಯುವುದಿಲ್ಲ. ನಮ್ಮ ಕಾರುಗಳು ಎಲ್ಲಿ ತುಕ್ಕು ಹಿಡಿಯುತ್ತವೆ ಎಂದು ನನ್ನನ್ನು ಕೇಳು: ಬಾಗಿಲಿನ ತಳದಲ್ಲಿ, ನೀರು ನಿಲ್ಲುವ ಕಡೆ, ಮಡ್‌ಗಾರ್ಡಿನ ಒಳ ಅಂಚಿನಲ್ಲಿ, ಕೆಸರು ಕೂರುವ ಕಡೆ, ಗಾಜಿನ ರಬ್ಬರಿನ ಮೂಲೆಯಲ್ಲಿ. ಛಾವಣಿಯ ನಟ್ಟನಡುವೆ ಕಾರಣವಿಲ್ಲದೆ ತುಕ್ಕು ಹಚ್ಚಿದ ಮಾದರಿಯನ್ನು ನೋಡಿದರೆ ಟಿಂಕರಿಂಗ್ ಮಾಡಿದ ನನ್ನ ಕೈ ತಡೆಯುವುದಿಲ್ಲ. ನೀರು ಹರಿಯುವ ದಾರಿ ಗೊತ್ತಿಲ್ಲದವರು ತುಕ್ಕು ಹಚ್ಚಬಾರದು.

ಮುಗಿದ ಕಾರನ್ನು ಟಿವಿ ಸ್ಟ್ಯಾಂಡಿನ ಮೇಲೆ ಬರಿದೇ ಇಡಬೇಡ. ಮುಚ್ಚಳವಿರುವ ಗಾಜಿನ ಅಥವಾ ಅಕ್ರಿಲಿಕ್ ಪೆಟ್ಟಿಗೆ ಮಾಡಿಸು. ಧೂಳು ಒರೆಸುವಾಗಲೇ ಕನ್ನಡಿ, ವೈಪರ್, ಆಂಟೆನಾ ಮುರಿಯುವುದು. ನೇರ ಬಿಸಿಲು ಬೀಳುವ ಕಡೆ ಬೇಡ. ಬಣ್ಣ ಮಾಸುತ್ತದೆ, ಮೇಲೆ ಅಂಟಿಸಿದ ಡಿಕಾಲ್ ಚಿತ್ರ ಹಳದಿಯಾಗುತ್ತದೆ. ಕರಾವಳಿಯ ತೇವಕ್ಕೆ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡು. ಹಳೆಯ ಕಿಟ್ ಎಲ್ಲಾದರೂ ಸಿಕ್ಕಿದರೆ ಮೊದಲು ಅದರ ಟೈರುಗಳನ್ನು ಬೇರೆ ಪೊಟ್ಟಣಕ್ಕೆ ಹಾಕು: ಆ ಮೆದು ವಿನೈಲ್ ಟೈರಿನಲ್ಲಿರುವ ರಾಸಾಯನಿಕ ವರ್ಷಾನುಗಟ್ಟಲೆ ಪ್ಲಾಸ್ಟಿಕ್ಕಿಗೆ ತಾಗಿಕೊಂಡಿದ್ದರೆ ಅದನ್ನು ಕರಗಿಸಿ ಹಳ್ಳ ಮಾಡುತ್ತದೆ. ಫೋಟೋ ತೆಗೆಯಬೇಕೆಂದರೆ ಕ್ಯಾಮೆರಾವನ್ನು ಮೇಲಿನಿಂದ ಹಿಡಿಯಬೇಡ. ನಿಂತ ಮನುಷ್ಯನ ಕಣ್ಣು ಒಂದೂವರೆ ಮೀಟರ್ ಎತ್ತರದಲ್ಲಿದ್ದರೆ ನಿನ್ನ ಕ್ಯಾಮೆರಾ ಮೇಜಿನಿಂದ 6 ಸೆಂ.ಮೀ. ಎತ್ತರದಲ್ಲಿರಬೇಕು. ಅಮೆರಿಕದ ಮೈಕೆಲ್ ಪಾಲ್ ಸ್ಮಿತ್ ಎಂಬುವರು 'ಎಲ್ಗಿನ್ ಪಾರ್ಕ್' ಎಂಬ ಕಲ್ಪನೆಯ ಊರನ್ನು ಚಿತ್ರಗಳಲ್ಲಿ ಕಟ್ಟಿದರು. 1/24 ಕಾರುಗಳನ್ನು ಬಯಲಿನಲ್ಲಿ ಮೇಜಿನ ಮೇಲಿಟ್ಟು, ದೂರದ ನಿಜವಾದ ಮರ, ಮನೆಗಳು ಹಿನ್ನೆಲೆಗೆ ಸರಿಯಾಗಿ ಬರುವಂತೆ ಸಾದಾ ಕ್ಯಾಮೆರಾದಲ್ಲಿ ತೆಗೆದರು. ನೋಡಿದವರು ಹಳೆಯ ಕಾಲದ ನಿಜವಾದ ಬೀದಿಯೆಂದೇ ನಂಬಿದರು. ಅದೂ ಅಳತೆಯ ಕೆಲಸವೇ.

'ಇದರಿಂದ ಏನು ಉಪಯೋಗ' ಎಂದು ನಿಮ್ಮಪ್ಪ ಕೇಳುತ್ತಾನೆ, ಅವನ ಸ್ವಭಾವ ನನಗೆ ಗೊತ್ತು. ಅವನಿಗೆ ಹೇಳಲು ಒಂದು ಸಂಗತಿ ಕೊಡುತ್ತೇನೆ. ಅಮೆರಿಕದ ಜನರಲ್ ಮೋಟಾರ್ಸ್ 1930ರಿಂದ 1968ರವರೆಗೆ 'ಫಿಶರ್ ಬಾಡಿ ಕ್ರಾಫ್ಟ್ಸ್‌ಮನ್ಸ್ ಗಿಲ್ಡ್' ಎಂಬ ಸ್ಪರ್ಧೆ ನಡೆಸಿತು. ಆರಂಭದಲ್ಲಿ ನೆಪೋಲಿಯನ್ ಕಾಲದ ಸಾರೋಟಿನ ಮಾದರಿ ಮಾಡಬೇಕಿತ್ತು, ಆಮೇಲೆ ತಾವೇ ಕಲ್ಪಿಸಿದ ಕಾರಿನ ಮಾದರಿ. ಗೆದ್ದವರಿಗೆ ಕಾಲೇಜಿಗೆ ವಿದ್ಯಾರ್ಥಿವೇತನ. 1947ರಲ್ಲಿ ಹಾಗೆ ಗೆದ್ದ ಚಕ್ ಜೋರ್ಡನ್ ಮುಂದೆ ಅದೇ ಕಂಪನಿಯ ವಿನ್ಯಾಸ ವಿಭಾಗದ ಮುಖ್ಯಸ್ಥನಾದ. ಆದರೆ ಆ ಸ್ಪರ್ಧೆ ಹುಡುಗರಿಗೆ ಮಾತ್ರ ಇತ್ತು ಕಣಮ್ಮ. ಎಷ್ಟು ಹೆಣ್ಣುಮಕ್ಕಳ ಕೈ ಹಾಗೇ ಉಳಿದುಹೋಯಿತೋ! ನಿನಗೆ ಆ ಅಡ್ಡಿ ಇಲ್ಲ. ಇಷ್ಟಾದರೂ ನೌಕರಿಯ ಆಸೆಗೆ ಇದನ್ನು ಮಾಡಬೇಡ. ಅಂಕ, ರ್‍ಯಾಂಕು ಯಾವುದೂ ಇಲ್ಲದ ಒಂದು ಕೆಲಸವನ್ನು ಕೊನೆಯವರೆಗೆ ಅಚ್ಚುಕಟ್ಟಾಗಿ ಮಾಡುವ ಅವಕಾಶ ನಿನ್ನ ವಯಸ್ಸಿನವರಿಗೆ ಈಗ ಬಹಳ ಕಡಿಮೆ. ಇನ್ನೊಂದು ಮಾತು: ಒಂದು ಕಾರು ಮುಗಿಯುವ ಮುಂಚೆ ಇನ್ನೊಂದು ಕಿಟ್ ಕೊಳ್ಳಬೇಡ. ತೆರೆಯದ ಪೆಟ್ಟಿಗೆಗಳನ್ನು ಅಟ್ಟದ ತುಂಬ ಪೇರಿಸಿಟ್ಟುಕೊಂಡು, ಕಟ್ಟುವುದನ್ನೇ ಬಿಟ್ಟ ಜನ ಇದ್ದಾರೆ. ಕೊಳ್ಳುವ ಖುಷಿ ಕಟ್ಟುವ ಖುಷಿಯನ್ನು ತಿಂದುಹಾಕುತ್ತದೆ.

ಕೊನೆಯದಾಗಿ ನಾನು ನಿನ್ನಿಂದ ನಿಜವಾಗಿ ಬಯಸುವ ಕೆಲಸ. ಪೋರ್ಶೆ, ಫೆರಾರಿ ಕಿಟ್ಟುಗಳು ಜಗತ್ತಿನ ತುಂಬ ಇವೆ, ಅವುಗಳ ಅಳತೆಯನ್ನು ಬರೆದಿಡಲು ಸಾವಿರ ಜನ ಇದ್ದಾರೆ. ನಮ್ಮ ರಸ್ತೆಯ ಕಾರುಗಳಿಗೆ ಯಾರಿದ್ದಾರೆ? ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಹುಟ್ಟಿ, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ 2014ರಲ್ಲಿ ನಿಂತಿತು. ಫಿಯೆಟ್ 1100ರಿಂದ ಬಂದ ಪ್ರೀಮಿಯರ್ ಪದ್ಮಿನಿ ಅದಕ್ಕೂ ಮುಂಚೆಯೇ ಹೋಯಿತು. ಅವುಗಳ ಆಟಿಕೆಗಳಾದರೂ ಸಿಗುತ್ತವೆ. ಆದರೆ ಬೆಂಗಳೂರಿನಲ್ಲೇ ತಯಾರಾದ ಸಿಪಾನಿ ಡಾಲ್ಫಿನ್ ನೆನಪು ನಿನ್ನ ವಯಸ್ಸಿನ ಯಾರಿಗೂ ಇರಲಾರದು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ 1980ರ ದಶಕದಲ್ಲಿ ಮಾಡಿದ ಎರಡು ಬಾಗಿಲಿನ ಪುಟ್ಟ ಕಾರು ಅದು. ಬಾಡಿ ತಗಡಿನದಲ್ಲ, ಫೈಬರಿನದು. ಮಾರುತಿ ಬಂದ ಮೇಲೆ ಅದನ್ನು ಕೇಳುವವರಿಲ್ಲದಂತಾಯಿತು. ಫೈಬರಿಗೆ ತುಕ್ಕು ಹಿಡಿಯುವುದಿಲ್ಲ, ಆದ್ದರಿಂದ ಯಾವುದಾದರೂ ತೋಟದ ಮನೆಯ ಕೊಟ್ಟಿಗೆಯಲ್ಲಿ ಒಂದೆರಡು ಬಾಡಿಗಳು ಈಗಲೂ ಇರಬಹುದೆಂಬುದು ನನ್ನ ಆಸೆ. ಅದರ ಕಿಟ್ ನಿನಗೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನಾವೇ ಕಟ್ಟಬೇಕು, ಇಲ್ಲವೇ ನೀನು ಕಂಪ್ಯೂಟರಿನಲ್ಲಿ ಬಿಡಿಸಿ 3ಡಿ ಪ್ರಿಂಟ್ ಮಾಡಿಸಬೇಕು. ಪ್ರಿಂಟಿನ ಗೆರೆಗಳನ್ನು ಉಜ್ಜಿ ತೆಗೆಯುವ ಕೆಲಸ ನನಗೆ ಬಿಡು. ಏನೇ ಮಾಡಿದರೂ ಅಳತೆ ಬೇಕು. ಚಕ್ರದ ನಡುವಿನಿಂದ ಚಕ್ರದ ನಡುವಿಗೆ, ಬಾಗಿಲಿನ ಅಗಲ, ಗಾಜಿನ ಓರೆ, ಬಾನೆಟ್ಟಿನ ಬಾಗು, ದೀಪಗಳ ಎತ್ತರ. ಎಲ್ಲಾದರೂ ಒಂದು ಡಾಲ್ಫಿನ್ ಕಣ್ಣಿಗೆ ಬಿದ್ದರೆ, ಮಾಲೀಕರ ಅನುಮತಿ ಕೇಳಿ, ಟೇಪು ಹಿಡಿದು ಪೂರ್ತಿ ಅಳೆದುಕೊಂಡು ಬಾ. ಗುಜರಿಯವರು ಬರುವ ಮುಂಚೆ ಹೋಗು. ಒಬ್ಬಳಿಗೆ ಟೇಪು ಹಿಡಿಯಲು ಕಷ್ಟವಾದರೆ ಫೋನ್ ಮಾಡು, ಇನ್ನೊಂದು ತುದಿ ಹಿಡಿಯಲು ನಾನು ಬರುತ್ತೇನೆ.